ನಿಂತು ಹುಟ್ಟು ಹಾಕಿ ಅಲೆಯೇರುವ ಆಟ: ಹಲಗೆ, ಕ್ಯಾಮರಾ ಮತ್ತು ಕಡಲಿನ ಲೆಕ್ಕ

ಮೂಲ್ಕಿ, ಸಸಿಹಿತ್ಲು, ಕಾಪು ಕಡೆಗೆ ಹೋದವರು ಹೊಳೆಯಲ್ಲೋ ಕಡಲಲ್ಲೋ ಒಂದು ದೃಶ್ಯ ಕಂಡಿರಬಹುದು. ಉದ್ದನೆಯ ಅಗಲ ಹಲಗೆಯ ಮೇಲೆ ಒಬ್ಬರು ನೆಟ್ಟಗೆ ನಿಂತಿರುತ್ತಾರೆ. ಕೈಯಲ್ಲಿ ಆಳೆತ್ತರದ ಒಂದೇ ಹುಟ್ಟು. ಅದರಿಂದ ನೀರು ತಳ್ಳುತ್ತ ಮುಂದೆ ಸಾಗಿ, ಅಲೆ ಬಂದಾಗ ಅದರ ಬೆನ್ನೇರಿ ದಡದತ್ತ ಜಾರಿ ಬರುತ್ತಾರೆ. ಇದಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್ ಎಂದು ಹೆಸರು. ಚುಟುಕಾಗಿ 'ಸಪ್' ಎನ್ನುತ್ತಾರೆ. ಹವಾಯಿ ದ್ವೀಪಗಳ ಈ ಆಟ ಈಗ ನಮ್ಮ ಕರಾವಳಿಯಲ್ಲೂ ನೆಲೆಯೂರಿದೆ. ಗಡಿಯ ಈಚೆಗಿರುವ ನಮ್ಮ ಊರುಗಳ ಯುವಕರೂ ಮೊಬೈಲಿನಲ್ಲಿ ವೀಡಿಯೋ ನೋಡಿ ಆಸೆಪಡುತ್ತಿದ್ದಾರೆ. ಆಸೆಪಡುವುದರಲ್ಲಿ ತಪ್ಪಿಲ್ಲ. ಆದರೆ ಕಡಲಿಗೆ ಇಳಿಯುವ ಮೊದಲು ಸಾಮಗ್ರಿಯ ಬಗ್ಗೆಯೂ ನೀರಿನ ಬಗ್ಗೆಯೂ ಕೆಲವು ಸಂಗತಿ ತಿಳಿದಿರಬೇಕು. ಅಂತಹ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದೆ.

ಆಟ ಹುಟ್ಟಿದ ಬಗೆ

ನಿಂತು ಹುಟ್ಟು ಹಾಕುವುದು ಮೀನುಗಾರರಿಗೆ ಹೊಸದಲ್ಲ. ಕೋರಮಂಡಲ ತೀರದ ತಮಿಳು ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರದ ಮೇಲೆ ನೊರೆಯಲೆಗಳನ್ನು ದಾಟುತ್ತಿದ್ದರು. ಇಂಗ್ಲಿಷಿನ 'ಕ್ಯಾಟಮರಾನ್' ಎಂಬ ಪದ ಹುಟ್ಟಿದ್ದೇ ಈ ಕಟ್ಟುಮರದಿಂದ. ದಕ್ಷಿಣ ಅಮೆರಿಕದ ಪೆರು ದೇಶದ ಉವಾಂಚಾಕೊ ಎಂಬಲ್ಲಿ ಮೀನುಗಾರರು ಇಂದಿಗೂ ಜೊಂಡು ಹುಲ್ಲಿನ ಕಿರುದೋಣಿಯಲ್ಲಿ ಸೀಳುಬಿದಿರನ್ನೇ ಹುಟ್ಟಾಗಿ ಬಳಸಿ, ಅಲೆಯ ಮೇಲೇರಿ ದಡಕ್ಕೆ ಮರಳುತ್ತಾರೆ.

ಇಂದಿನ ಸಪ್‌ನ ತವರು ಮಾತ್ರ ಹವಾಯಿಯ ಒವಾಹು ದ್ವೀಪದ ವೈಕಿಕಿ ಕಡಲತೀರ. ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಪ್ರವಾಸಿಗರಿಗೆ ಸರ್ಫಿಂಗ್ ಕಲಿಸುತ್ತಿದ್ದವರನ್ನು 'ಬೀಚ್ ಬಾಯ್‌'ಗಳೆಂದು ಕರೆಯುತ್ತಿದ್ದರು. ಇವರಲ್ಲಿ ಕೆಲವರು ದೊಡ್ಡ ಹಲಗೆಯ ಮೇಲೆ ನಿಂತು, ದೋಣಿಯ ಹುಟ್ಟು ಹಿಡಿದು ಕಡಲಿಗೆ ಹೋಗುತ್ತಿದ್ದರು. ನಿಂತರೆ ದೂರದಿಂದ ಬರುವ ಅಲೆ ಕಾಣುತ್ತದೆ, ಕಲಿಯುವವರ ಮೇಲೂ ಕಣ್ಣಿಡಬಹುದು. ಇನ್ನೊಂದು ಕಾರಣವೂ ಇತ್ತು. ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡು ಅಲೆಯೇರಿದ ಪ್ರವಾಸಿಗರ ಫೋಟೋ ತೆಗೆಯುವಾಗ ಕ್ಯಾಮರಾ ನೆನೆಯದಂತೆ ನೋಡಿಕೊಳ್ಳಲು ನಿಲ್ಲುವುದೇ ಅನುಕೂಲವಾಗಿತ್ತು. ಆ ಚಾಯ್ ಸಹೋದರರಾದ ಲೀರಾಯ್ ಮತ್ತು ಬಾಬಿ ಈ ಪದ್ಧತಿಯನ್ನು ಉಳಿಸಿಕೊಂಡು ಬಂದವರಲ್ಲಿ ಪ್ರಮುಖರು. ಹೀಗೆ ಈ ಆಟಕ್ಕೂ ಚಿತ್ರೀಕರಣಕ್ಕೂ ಆರಂಭದಿಂದಲೇ ನಂಟು.

1990ರ ದಶಕದಲ್ಲಿ ಮಾವಿ ದ್ವೀಪದ ಲೇರ್ಡ್ ಹ್ಯಾಮಿಲ್ಟನ್ ಮತ್ತು ಡೇವ್ ಕಲಾಮಾ ಇದನ್ನು ಮತ್ತೆ ಕೈಗೆತ್ತಿಕೊಂಡರು. 2000ದ ದಶಕದ ಆರಂಭದಲ್ಲಿ ಮಕಾಹಾ ತೀರದ ದೊಡ್ಡ ಹಲಗೆಗಳ ಸ್ಪರ್ಧೆಯಲ್ಲಿ ಬ್ರಯಾನ್ ಕಿಯೌಲಾನಾ ಇದಕ್ಕೊಂದು ಪ್ರತ್ಯೇಕ ವಿಭಾಗ ಸೇರಿಸಿದರು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ, ಆಮೇಲೆ ಲೋಕಕ್ಕೆಲ್ಲ ಹರಡಿತು. ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ಮೊದಲ ಸಪ್ ವಿಶ್ವ ಚಾಂಪಿಯನ್‌ಶಿಪ್ 2012ರಲ್ಲಿ ಪೆರುವಿನಲ್ಲಿ ನಡೆಯಿತು.

ಹಲಗೆ: ಲೀಟರಿನ ಲೆಕ್ಕ

ಮಾಮೂಲಿ ಸರ್ಫಿಂಗ್ ಹಲಗೆಯ ಮೇಲೆ ನಿಂತ ನೀರಿನಲ್ಲಿ ನಿಲ್ಲಲಾಗುವುದಿಲ್ಲ, ಸಪ್ ಹಲಗೆಯ ಮೇಲೆ ನಿಲ್ಲಬಹುದು. ಇದರ ಗುಟ್ಟು ಲೀಟರಿನಲ್ಲಿದೆ. ಒಂದು ಲೀಟರ್ ಗಾತ್ರ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ. 70 ಕಿಲೋ ತೂಗುವ ವ್ಯಕ್ತಿ, 10 ಕಿಲೋ ಹಲಗೆ ಎಂದರೆ ಬರಿದೇ ತೇಲಲು 80 ಲೀಟರ್ ಬೇಕು. ಚಿಕ್ಕ ಸರ್ಫಿಂಗ್ ಹಲಗೆಯ ಗಾತ್ರ 25ರಿಂದ 35 ಲೀಟರ್ ಮಾತ್ರ. ಅಲೆಯ ವೇಗ ಸಿಕ್ಕಿದ ಮೇಲಷ್ಟೇ ಅದು ಹೊರುತ್ತದೆ. ಹೊಸಬರು ಅಲುಗಾಡದೆ ನಿಲ್ಲಲು ತಮ್ಮ ತೂಕದ ಎರಡು ಪಾಲಿಗಿಂತ ಹೆಚ್ಚು ಲೀಟರಿನ ಹಲಗೆ ಆರಿಸುವುದು ಒಳ್ಳೆಯದು. 10ರಿಂದ 11 ಅಡಿ ಉದ್ದ, 32 ಇಂಚಿನಷ್ಟು ಅಗಲವಿದ್ದರೆ ಕಲಿಯಲು ಸಲೀಸು. ಪಳಗಿದವರು ಅಲೆಗೆಂದೇ 7ರಿಂದ 9 ಅಡಿಯ ಚಿಕ್ಕ ಹಲಗೆ ಬಳಸುತ್ತಾರೆ. ಅದು ಬೇಗ ತಿರುಗುತ್ತದೆ, ಅಷ್ಟೇ ಬೇಗ ಬೀಳಿಸುತ್ತದೆ ಕೂಡ.

ಗಟ್ಟಿ ಹಲಗೆಯ ಒಳಗೆ ಥರ್ಮೋಕೋಲಿನಂತಹ ಹಗುರ ಫೋಮ್ ಇರುತ್ತದೆ. ಮೇಲೆ ಗಾಜುನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಬಳಿದಿರುತ್ತಾರೆ. ಕಲ್ಲಿಗೆ ತಾಗಿ ಬಿರುಕುಬಿಟ್ಟರೆ ಒಳಗೆ ನೀರು ಹೊಕ್ಕುತ್ತದೆ. ಅದನ್ನು ಒಣಗಿಸಿ ಮುಚ್ಚದೆ ಮತ್ತೆ ನೀರಿಗಿಳಿಸಬಾರದು.

ಗಾಳಿ ತುಂಬುವ ಹಲಗೆಯ ಮೇಲ್ಪದರ ಮತ್ತು ಕೆಳಪದರವನ್ನು ಸಾವಿರಾರು ನೂಲುಗಳು ಒಳಗಿನಿಂದ ಎಳೆದು ಹಿಡಿದಿರುತ್ತವೆ. ಆದ್ದರಿಂದ ಅದು ಟ್ಯೂಬಿನಂತೆ ಉಬ್ಬದೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ ಒತ್ತಡ ಸಾಕು. ಕಾರಿನ ಟಯರಿಗೆ ತುಂಬುವುದರ ಅರ್ಧದಷ್ಟು. ಮಡಚಿ ಚೀಲದಲ್ಲಿ ಹಾಕಿ ಬಸ್ಸಿನಲ್ಲೂ ಒಯ್ಯಬಹುದು. ಹೊಳೆಗೆ ಇದು ಉತ್ತಮ. ಅಲೆಯಲ್ಲಿ ಗಟ್ಟಿ ಹಲಗೆಯಷ್ಟು ಚುರುಕಲ್ಲ. ಗಾಳಿ ತುಂಬಿದ ಹಲಗೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಬಿಟ್ಟರೆ ಒತ್ತಡ ಏರಿ ಅಂಟು ಬಿಡುವ ಅಪಾಯವಿದೆ.

ಹುಟ್ಟು ಮತ್ತು ಕಾಲಿನ ಹಗ್ಗ

ಹುಟ್ಟಿನ ಎಲೆ ಹಿಡಿಗಿಂತ ಸುಮಾರು ಹತ್ತು ಡಿಗ್ರಿ ಮುಂದಕ್ಕೆ ಬಾಗಿರುತ್ತದೆ. ಹೊಸಬರಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ನೀರನ್ನು ತಮ್ಮತ್ತ ತೋಡಿಕೊಳ್ಳುವಂತೆ ಕಾಣುವುದೇ ಸರಿ ಎಂದು ಭಾವಿಸುವುದು ಈ ತಪ್ಪಿಗೆ ಕಾರಣ. ಬಾಗು ಹಲಗೆಯ ಮೂತಿಯ ಕಡೆಗೇ ಇರಬೇಕು. ಹೊಳೆಯಲ್ಲಿ ಸಾಗಲು ತಲೆಗಿಂತ 6ರಿಂದ 10 ಇಂಚು ಉದ್ದದ ಹುಟ್ಟು ಬೇಕು, ಅಲೆಯೇರಲು ಅದಕ್ಕಿಂತ ಚಿಕ್ಕದು. ಅಲ್ಯೂಮಿನಿಯಂ ಹುಟ್ಟು ಅಗ್ಗ ಆದರೆ ಭಾರ, ಕಾರ್ಬನ್ ನಾರಿನದು ಹಗುರ ಆದರೆ ದುಬಾರಿ.

ಹಲಗೆಯನ್ನೂ ಸವಾರನನ್ನೂ ಜೋಡಿಸುವ ಹಗ್ಗಕ್ಕೆ ಲೀಶ್ ಎನ್ನುತ್ತಾರೆ. ಇದು ಅಲಂಕಾರದ ವಸ್ತುವಲ್ಲ. ಸಪ್ ಹಲಗೆ ಕೈತಪ್ಪಿ ಅಲೆಯಲ್ಲಿ ಬಂದರೆ ದಡದಲ್ಲಿ ಸ್ನಾನ ಮಾಡುವ ಮಗುವಿನ ತಲೆ ಒಡೆಯಬಹುದು. ಬಿದ್ದವನಿಗೂ ತೇಲಲು ಆಸರೆ ಹಲಗೆಯೇ. ಅಲೆಯಲ್ಲಿ ನೇರ ಲೀಶ್ ಬಳಸಬೇಕು. ಸುರುಳಿಯ ಲೀಶ್ ಹಲಗೆಯನ್ನು ಸವಾರನ ಮೇಲೆಯೇ ಚಿಮ್ಮಿಸಬಹುದು. ಹರಿಯುವ ಹೊಳೆಯಲ್ಲಿ ಮಾತ್ರ ಲೀಶನ್ನು ಪಾದಕ್ಕೆ ಕಟ್ಟಬಾರದು. ಅದು ಮರದ ಬೊಡ್ಡೆಗೋ ಸೇತುವೆಯ ಕಂಬಕ್ಕೋ ಸಿಕ್ಕಿಕೊಂಡರೆ, ಸೆಳೆತದ ಎದುರು ಬಗ್ಗಿ ಬಿಚ್ಚಿಕೊಳ್ಳಲು ಆಗುವುದಿಲ್ಲ. ಹೊಳೆಯಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಲೀಶ್ ಬೇಕು. ಲೈಫ್ ಜಾಕೆಟ್ ಅಂತೂ ಕಲಿಯುವವರಿಗೆ ಕಡ್ಡಾಯವೆಂದೇ ತಿಳಿಯಬೇಕು.

ಅಲೆ ಏರುವ ಅನುಭವ

ಮೊದಲು ದಾಟಬೇಕಾದದ್ದು ದಡದ ಹತ್ತಿರದ ನೊರೆಯಲೆ. ಹಲಗೆಯ ಮೂತಿ ಅಲೆಗೆ ನೇರವಾಗಿರಬೇಕು. ಸ್ವಲ್ಪ ಅಡ್ಡವಾದರೂ ಹಲಗೆ ಮಗುಚುತ್ತದೆ. ನೊರೆ ತಾಗುವ ಹೊತ್ತಿಗೆ ಒಂದು ಕಾಲು ಹಿಂದಿಟ್ಟು ಮೊಣಕಾಲು ಬಗ್ಗಿಸಿ ಹುಟ್ಟು ಹಾಕುತ್ತಲೇ ಇರಬೇಕು. ನೀರಿನಲ್ಲಿರುವ ಹುಟ್ಟು ಮೂರನೆಯ ಕಾಲಿದ್ದಂತೆ. ಹುಟ್ಟು ಎತ್ತಿ ನಿಂತವರು ಬೀಳುತ್ತಾರೆ.

ಆಚೆ ದಾಟಿದ ಮೇಲೆ ಸಪ್ ಸವಾರನಿಗೆ ಒಂದು ಅನುಕೂಲ. ನಿಂತಿರುವುದರಿಂದ ದೂರದ ಏರುಅಲೆ ಬೇಗ ಕಾಣುತ್ತದೆ. ಹಲಗೆಯನ್ನು ದಡದತ್ತ ತಿರುಗಿಸಿ, ನಾಲ್ಕಾರು ಬಲವಾದ ಹುಟ್ಟು ಹಾಕಿದರೆ ಹಲಗೆಯ ಹಿಂಬದಿ ಮೇಲೇಳುತ್ತದೆ. ಆಗ ಒಂದು ಕಾಲನ್ನು ಹಿಂದೆ ಸರಿಸಿ ಅಡ್ಡ ನಿಂತರೆ ಹಲಗೆ ತಾನಾಗಿ ಜಾರತೊಡಗುತ್ತದೆ. ಆ ಕ್ಷಣದಲ್ಲಿ ಕೈಯ ಕೆಲಸ ನಿಂತು ಕಡಲಿನ ಕೆಲಸ ಶುರುವಾಗುತ್ತದೆ. ಈ ಅನುಭವಕ್ಕಾಗಿಯೇ ಜನ ನೂರು ಸಲ ಬಿದ್ದು ಮತ್ತೆ ಏಳುತ್ತಾರೆ.

ಬೀಳುವಾಗ ಹಲಗೆಯಿಂದ ದೂರಕ್ಕೆ ಚಪ್ಪಟೆಯಾಗಿ ಬೀಳಬೇಕು, ತಲೆಕೆಳಗಾಗಿ ಹಾರಬಾರದು. ಮೇಲೆ ಬರುವಾಗ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು. ಅಲೆಯ ಮೇಲೂ ಶಿಸ್ತು ಇದೆ. ಅಲೆ ಒಡೆಯುವ ಜಾಗಕ್ಕೆ ಹತ್ತಿರವಿರುವವನಿಗೆ ಅದರ ಹಕ್ಕು. ಸಪ್‌ನವರಿಗೆ ಎಲ್ಲ ಅಲೆಯೂ ಬೇಗ ಸಿಗುವುದರಿಂದ ಇತರ ಸರ್ಫರ್‌ಗಳೊಂದಿಗೆ ಜಗಳವಾಗುವುದುಂಟು. ಬಿಟ್ಟುಕೊಡುವುದು ಮರ್ಯಾದೆ. ಮೀನುಗಾರರು ಬಲೆ ಹಾಕಿರುವ ಕಡೆ ಹೋಗದಿರುವುದೂ ಅಷ್ಟೇ ಮುಖ್ಯ.

ಚಿತ್ರೀಕರಣ

ಅಲೆಯ ಚಿತ್ರ ತೆಗೆಯುವುದು ಹಿಂದೆ ಸಾಹಸವಾಗಿತ್ತು. ಜಾರ್ಜ್ ಗ್ರೀನೋ ಎಂಬವರು ಹತ್ತು ಕಿಲೋಗೂ ಮೀರಿದ ಕ್ಯಾಮರಾವನ್ನು ಮೈಗೆ ಕಟ್ಟಿಕೊಂಡು ಅಲೆಯ ಒಳಗಿನಿಂದಲೇ ಚಿತ್ರೀಕರಿಸಿದ್ದರು. ಅವರ ದೃಶ್ಯಗಳಿರುವ 'ಕ್ರಿಸ್ಟಲ್ ವಾಯೇಜರ್' ಚಿತ್ರ 1973ರಲ್ಲಿ ಬಂತು. 2002ರಲ್ಲಿ ನಿಕ್ ವುಡ್‌ಮನ್ ಆರಂಭಿಸಿದ ಗೋಪ್ರೋ ಕಂಪೆನಿ 2004ರಲ್ಲಿ ಮುಂಗೈಗೆ ಕಟ್ಟುವ ಫಿಲ್ಮ್ ಕ್ಯಾಮರಾ ತಂದಿತು. ಅಲೆಯ ಮೇಲೆ ತಮ್ಮದೇ ಚಿತ್ರ ತೆಗೆಯಬೇಕೆಂಬ ಸರ್ಫರ್‌ಗಳ ಆಸೆಯೇ ಅದರ ಮೂಲ. ಈಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಿಜಿಟಲ್ ಕ್ಯಾಮರಾಗಳನ್ನು ಹಲಗೆಯ ಮೂತಿಗೆ, ಹುಟ್ಟಿಗೆ, ಹೆಲ್ಮೆಟ್ಟಿಗೆ ಸಿಕ್ಕಿಸಬಹುದು.

ಕ್ಯಾಮರಾ ನೀರಿಗೆ ಬಿದ್ದರೆ ಮುಳುಗುತ್ತದೆ. ತೇಲುವ ಬೆಂಡು ಮತ್ತು ಒಂದು ದಾರ ಕಟ್ಟದೆ ಒಯ್ಯಬಾರದು. ಸೆಕೆಂಡಿಗೆ 120 ಚೌಕಟ್ಟಿನಂತೆ ತೆಗೆದು 30ರಂತೆ ತೋರಿಸಿದರೆ ಓಟ ನಾಲ್ಕು ಪಟ್ಟು ನಿಧಾನವಾಗಿ, ಒಡೆಯುವ ಅಲೆಯ ಹನಿಹನಿಯೂ ಕಾಣುತ್ತದೆ. ದಡದಿಂದ ತೆಗೆಯುವವರು ಮುಕ್ಕಾಲಿ ಬಳಸಿ ದಿಗಂತದ ಗೆರೆ ಓರೆಯಾಗದಂತೆ ನೋಡಿಕೊಳ್ಳಬೇಕು. ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಸೂರ್ಯ ಬೆನ್ನ ಹಿಂದಿರುವುದರಿಂದ ಚಿತ್ರ ಚೊಕ್ಕ, ಸಂಜೆ ತೆಗೆದರೆ ಸವಾರ ಬರೀ ನೆರಳಾಗಿ ಕಾಣುತ್ತಾನೆ. ಕೆಲಸ ಮುಗಿದ ಮೇಲೆ ಕ್ಯಾಮರಾವನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ತಿಂದುಹಾಕುತ್ತದೆ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಆ ಸ್ಥಳ ನಿಷೇಧಿತ ಕೆಂಪು ವಲಯದಲ್ಲಿದೆಯೇ ಎಂದು ಮೊದಲು ನಕ್ಷೆಯಲ್ಲಿ ನೋಡಿಕೊಳ್ಳಬೇಕು.

ನಮ್ಮ ಕರಾವಳಿಯಲ್ಲಿ

ಭಾರತದಲ್ಲಿ ಸರ್ಫಿಂಗ್ ಬೇರೂರಿದ ಊರುಗಳಲ್ಲಿ ಮೂಲ್ಕಿ ಮುಖ್ಯವಾದುದು. ಇಲ್ಲಿನ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾಯಿತು. ಶಾಂಭವಿ ಮತ್ತು ನಂದಿನಿ ಹೊಳೆಗಳು ಕಡಲು ಸೇರುವ ಜಾಗ ಇದು. ಕಲಿಯಲು ತಣ್ಣನೆಯ ಹೊಳೆ, ಪಳಗಿದ ಮೇಲೆ ಕಡಲು, ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕರಾವಳಿಯ ತನ್ವಿ ಜಗದೀಶ್ 2016ರಲ್ಲಿ ಫಿಜಿಯಲ್ಲಿ ನಡೆದ ಸಪ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದು ವಿದೇಶಿ ಸ್ಪರ್ಧಿಗಳೂ ಬಂದಿದ್ದರು.

ಗಡಿಯಾಚೆ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ಹೆಮ್ಮೆಯ ಸಂಗತಿಯೂ ಇದೆ. ಕೇರಳದ ಕೋವಳಂನಲ್ಲಿ ಬೆಳೆದ, ಕರ್ನಾಟಕ ಮೂಲದ ರಮೇಶ್ ಬೂದಿಹಾಳ 2025ರ ಆಗಸ್ಟ್‌ನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಅವರದು ಹುಟ್ಟಿಲ್ಲದ ಸರ್ಫಿಂಗ್ ಆದರೂ ಕಡಲು ಒಂದೇ.

ಕಡಲಿನ ಲೆಕ್ಕ ತಪ್ಪಿದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು ಕಲಿಯುವವರಿಗಲ್ಲ. ಯಾಂತ್ರಿಕ ಮೀನುಗಾರಿಕೆಗೆ ಕರ್ನಾಟಕದಲ್ಲಿ 61 ದಿನ, ಕೇರಳದ ಟ್ರಾಲಿಂಗ್‌ಗೆ 52 ದಿನ ನಿಷೇಧವಿರುವುದೂ ಮಳೆಗಾಲದ ಈ ಅವಧಿಯಲ್ಲೇ. ನಿಷೇಧದ ಉದ್ದೇಶ ಮೀನಿನ ಸಂತತಿ ಉಳಿಸುವುದಾದರೂ ಕಡಲಿನ ಅಬ್ಬರದ ದಿನಗಳೂ ಅವೇ.

ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲೂ ಎಚ್ಚರ ಬೇಕು. ಕಾಸರಗೋಡಿನವರು ಬಲ್ಲ 'ಕಳ್ಳಕ್ಕಡಲ್' ಎಂಬ ಮಲೆಯಾಳ ಪದ ಇದನ್ನೇ ಹೇಳುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಗಾಳಿಯೇ ಇಲ್ಲದ ದಿನ ಕಳ್ಳನಂತೆ ಬಂದು ಅಪ್ಪಳಿಸುತ್ತವೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡದ್ದು ಇಂತಹ ಎಚ್ಚರಿಕೆ ಜಾರಿಯಲ್ಲಿದ್ದಾಗಲೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ನೀಡುತ್ತದೆ. ಅದನ್ನು ನೋಡಿಯೇ ಹೊರಡಬೇಕು.

ಇನ್ನು ನೆನಪಿಡಬೇಕಾದ ಕೆಲವು ಮಾತು:

• ಬೆಳಗ್ಗಿನ ನೆಲಗಾಳಿ ಕಡಲನ್ನು ನಯಗೊಳಿಸುತ್ತದೆ, ಆದರೆ ನಿಂತವನನ್ನು ಹಾಯಿಯಂತೆ ಹೊರಗೆ ತಳ್ಳುತ್ತದೆ. ದಡ ದೂರವಾಗುತ್ತಿದ್ದರೆ ಹಲಗೆಯ ಮೇಲೆ ಮಲಗಿ ಕೈಯಿಂದ ಈಜುತ್ತ ಬರಬೇಕು.
• ಇಳಿತದ ಹೊತ್ತಿನಲ್ಲಿ ಅಳಿವೆ ಬಾಗಿಲಿನ ಹತ್ತಿರ ಸುಳಿಯಬಾರದು. ಹೊಳೆಯ ನೀರು ಕಡಲಿಗೆ ಎಳೆದೊಯ್ಯುತ್ತದೆ.
• ಸೆಳೆತಕ್ಕೆ ಸಿಕ್ಕಿದರೆ ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.
• ಯಾವ ಸಂದರ್ಭದಲ್ಲೂ ಹಲಗೆ ಬಿಟ್ಟು ಈಜಿ ಹೊರಡಬಾರದು.
• ಒಬ್ಬರೇ ಹೋಗಬಾರದು. ಮರಳುವ ಸಮಯವನ್ನು ಮನೆಯವರಿಗೆ ತಿಳಿಸಿರಬೇಕು.
• ತುರ್ತು ಸಂದರ್ಭದಲ್ಲಿ 112, ಕರಾವಳಿ ಕಾವಲು ಪಡೆಗೆ 1554.

ಹಲಗೆ ಕೊಳ್ಳಲು ಅವಸರ ಬೇಡ. ಈಜು ಬಲ್ಲವರು ಮೊದಲು ತರಬೇತಿ ಕೇಂದ್ರದ ಹಲಗೆಯಲ್ಲೇ ಹೊಳೆಯಲ್ಲಿ ಕೆಲವು ದಿನ ಕಲಿತು ನೋಡಲಿ. ಕಡಲಿಗೆ ಇಳಿಯುವ ದಿನ ಅಲ್ಲಿಯ ಮೀನುಗಾರರನ್ನು ಒಂದು ಮಾತು ಕೇಳಲಿ. ಇವತ್ತು ಇಳಿಯಬೇಡಿ ಎಂದು ಅವರು ಹೇಳಿದರೆ ಮರುಮಾತಿಲ್ಲದೆ ಹಿಂದಿರುಗುವುದೇ ಈ ಆಟದ ಮೊದಲ ಪಾಠ.