ಮೂಲಾಧಾರಿತ ರೂಟಿಂಗ್

ಮೂಲಾಧಾರಿತ ರೂಟಿಂಗ್ ಎಂಬುದು ದತ್ತಾಂಶದ ಪ್ಯಾಕೆಟ್ ಯಾವ ವಿಳಾಸದಿಂದ ಹೊರಟಿದೆ ಎಂಬುದನ್ನು ನೋಡಿ ಅದರ ಮಾರ್ಗವನ್ನು ನಿರ್ಧರಿಸುವ ಕ್ರಮ. ಸಾಮಾನ್ಯವಾಗಿ ರೂಟರ್ ತಲುಪಬೇಕಾದ ವಿಳಾಸವನ್ನಷ್ಟೇ ಗಮನಿಸುತ್ತದೆ. ಪತ್ರದ ಮೇಲಿನ 'ಇವರಿಗೆ' ಓದಿ 'ಇವರಿಂದ' ಎಂಬುದನ್ನು ಬಿಟ್ಟುಬಿಡುವ ಅಂಚೆಯವನಂತೆ.

ಇಬ್ಬರು ಸೇವಾದಾರರಿದ್ದಾಗ ಇಷ್ಟು ಸಾಲದು. ಗದಗ ಜಿಲ್ಲೆಯ ರೋಣ, ನರಗುಂದ ಅಥವಾ ಗಜೇಂದ್ರಗಡದ ಕಚೇರಿಯೊಂದು, ಒಂದು ತಪ್ಪಿದರೆ ಇನ್ನೊಂದಿರಲಿ ಎಂದು ಬಿಎಸ್‌ಎನ್‌ಎಲ್ ಜೊತೆಗೆ ಖಾಸಗಿ ಸಂಪರ್ಕವನ್ನೂ ಪಡೆದಿದೆಯೆಂದು ಭಾವಿಸಬಹುದು. ಎರಡೂ ಕಡೆಯಿಂದ ಅದಕ್ಕೆ ಬೇರೆ ಬೇರೆ ಐಪಿ ವಿಳಾಸ ದೊರೆತಿರುತ್ತದೆ. ಬಿಎಸ್‌ಎನ್‌ಎಲ್ ವಿಳಾಸಕ್ಕೆ ಬಂದ ಕೋರಿಕೆಯ ಉತ್ತರವು ಖಾಸಗಿ ಸಂಪರ್ಕದ ಮೂಲಕ ಹೊರಟರೆ, ತನ್ನದಲ್ಲದ ವಿಳಾಸವೆಂದು ಆ ಜಾಲ ಅದನ್ನು ತಿರಸ್ಕರಿಸಬಹುದು. ವಿಳಾಸ ವಂಚನೆಯನ್ನು ತಡೆಯಲು 2000ದ ಆರ್‌ಎಫ್‌ಸಿ 2827 ಸೂಚಿಸಿದ ಈ ತಪಾಸಣೆ ನ್ಯಾಯವಾದದ್ದೇ. ಆದರೆ ಎರಡೂ ಸಂಪರ್ಕಗಳು ಸುಸ್ಥಿತಿಯಲ್ಲಿರುವಾಗಲೇ ಕೆಲಸ ನಿಲ್ಲುವುದರಿಂದ ದೋಷ ಹುಡುಕುವುದು ಕಷ್ಟ.

ಲಿನಕ್ಸ್‌ನಲ್ಲಿ ಸೇವಾದಾರರಿಗೆ ಒಂದೊಂದರಂತೆ ಪ್ರತ್ಯೇಕ ರೂಟಿಂಗ್ ಕೋಷ್ಟಕ ರಚಿಸಿ, ಯಾವ ಮೂಲ ವಿಳಾಸಕ್ಕೆ ಯಾವ ಕೋಷ್ಟಕವೆಂದು ನಿಯಮ ಬರೆಯಲಾಗುತ್ತದೆ. ಒಎಸ್‌ಪಿಎಫ್, ಬಿಜಿಪಿ ಮೊದಲಾದ ಚಲನಶೀಲ ಪ್ರೋಟೊಕಾಲ್‌ಗಳಾದರೋ ತಲುಪುವ ವಿಳಾಸವನ್ನೇ ಆಧರಿಸಿ ಮಾರ್ಗ ಕಲಿಯುತ್ತವೆ; ಕಲಿತದ್ದು ಸಾಮಾನ್ಯವಾಗಿ ಮುಖ್ಯ ಕೋಷ್ಟಕಕ್ಕೆ ಸೇರುತ್ತದೆ. ಸಂಪರ್ಕ ಕಡಿದು ಮಾರ್ಗ ಬದಲಾದರೂ ಕೈಯಿಂದ ತುಂಬಿದ ಕೋಷ್ಟಕಗಳು ಹಾಗೆಯೇ ಉಳಿಯಬಹುದು. ಬರ್ಡ್‌ನಂಥ ತಂತ್ರಾಂಶಗಳು ಪ್ರತ್ಯೇಕ ಕೋಷ್ಟಕಗಳನ್ನೂ ತಾವೇ ತುಂಬಬಲ್ಲವು.