ಕೊಟ್ಟವರ ಸಹಿ: ಮುಕ್ತ ತಂತ್ರಾಂಶದ ಪರವಾನಗಿಯ ಇನ್ನೊಂದು ಮುಖ

ಮುಕ್ತ ತಂತ್ರಾಂಶದ ಪರವಾನಗಿಗಳ ಬಗೆಗಿನ ಚರ್ಚೆಯೆಲ್ಲ ಹೆಚ್ಚಾಗಿ ಪಡೆಯುವವರ ಹಕ್ಕನ್ನು ಕುರಿತದ್ದು. ಕೋಡನ್ನು ಓದಬಹುದೇ, ತಿದ್ದಬಹುದೇ, ತಿದ್ದಿದ್ದನ್ನು ಹಂಚಬಹುದೇ? ಕೊಡುವವರ ಕಡೆ ನಿಂತು ನೋಡಿದವರು ಕಡಿಮೆ. ಮುಖಪರಿಚಯವಿಲ್ಲದವರೊಬ್ಬರು ಹತ್ತು ಸಾಲಿನ ತಿದ್ದುಪಡಿ ಕಳಿಸಿದರೆ ಆ ಸಾಲುಗಳು ಯಾರ ಸ್ವತ್ತು? ಅವರೇ ಬರೆದದ್ದೆಂದು ನಂಬುವುದು ಹೇಗೆ? ಸಮುದಾಯದ ಸ್ವರೂಪವನ್ನು ಪರವಾನಗಿಯ ಪಠ್ಯಕ್ಕಿಂತ ಈ ಎರಡು ಪ್ರಶ್ನೆಗಳೇ ಹೆಚ್ಚು ತಿದ್ದಿವೆ ಎಂಬುದು ಈ ಲೇಖನದ ವಾದ.

ಈ ಪ್ರಶ್ನೆಗಳ ಬಿಸಿ ಮೊದಲು ತಟ್ಟಿದವುಗಳಲ್ಲಿ ಪಠ್ಯ ತಿದ್ದುವ ತಂತ್ರಾಂಶ ಈಮ್ಯಾಕ್ಸ್ ಒಂದು. ರಿಚರ್ಡ್ ಸ್ಟಾಲ್ಮನ್ ತಮ್ಮ ಗ್ನೂ ಈಮ್ಯಾಕ್ಸ್‌ನಲ್ಲಿ ಜೇಮ್ಸ್ ಗೋಸ್ಲಿಂಗ್ ಬರೆದಿದ್ದ ಕೆಲವು ಭಾಗಗಳನ್ನು ಬಳಸಿದ್ದರು. ಗೋಸ್ಲಿಂಗ್ ಅಷ್ಟರಲ್ಲೇ ತಮ್ಮ ತಂತ್ರಾಂಶವನ್ನು ಯುನಿಪ್ರೆಸ್ ಕಂಪನಿಗೆ ಮಾರಿಯಾಗಿತ್ತು. ಗೋಸ್ಲಿಂಗ್‌ರ ಅನುಮತಿ ಇದೆಯೆಂದು ಗೆಳೆಯರೊಬ್ಬರು ಹೇಳಿದ್ದನ್ನು ನಂಬಿದ್ದಾಗಿ ಸ್ಟಾಲ್ಮನ್ ಮುಂದೆ ವಿವರಿಸಿದರು. ಯುನಿಪ್ರೆಸ್ ಒಪ್ಪಲಿಲ್ಲ, 1985ರಲ್ಲಿ ಆ ಭಾಗಗಳನ್ನು ಕಿತ್ತುಹಾಕಿ ಹೊಸದಾಗಿ ಬರೆಯಬೇಕಾಯಿತು. ಅದೇ ವರ್ಷ ಅವರು ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಮುಖ್ಯ ತಂತ್ರಾಂಶಗಳಿಗೆ ಕೋಡ್ ಕೊಡುವವರಿಂದ ಕೃತಿಸ್ವಾಮ್ಯವನ್ನೇ ಬರೆಸಿಕೊಳ್ಳುವ ಪದ್ಧತಿ ಬೆಳೆಸಿತು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಭಾಷೆಯಲ್ಲಿ ಅದೊಂದು ದಾನಪತ್ರ. ಸುಮಾರು 15 ಸಾಲಿನೊಳಗಿನ ತಿದ್ದುಪಡಿಗೆ ವಿನಾಯಿತಿ. ಅದಕ್ಕಿಂತ ಹೆಚ್ಚಾದರೆ ಕಾಗದ ಬೇಕು, ಬರೆದವರು ಉದ್ಯೋಗದಲ್ಲಿದ್ದರೆ ಎಷ್ಟೋ ಬಾರಿ ಮಾಲೀಕರ ಒಪ್ಪಿಗೆಯೂ ಬೇಕು. ನ್ಯಾಯಾಲಯದಲ್ಲಿ ಹಿಡಿತ ಬಿಗಿಯಾಯಿತು, ಬಾಗಿಲು ಮಾತ್ರ ಕಿರಿದಾಯಿತು.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹಾಕಿದ ಮೊದಲ ಷರತ್ತು, ಹಂಚುವಾಗ ಯಾರೂ ಹಣ ಪಡೆಯಬಾರದು ಎಂಬುದಾಗಿತ್ತು. 1992ರಲ್ಲಿ ಅದನ್ನು ಕೈಬಿಟ್ಟು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಪರವಾನಗಿಯಾದ ಜಿಪಿಎಲ್‌ಗೆ ಬಂದರು. ದಾನಪತ್ರ ಮಾತ್ರ ಕೇಳಲಿಲ್ಲ. ಬರೆದವರ ಸಾಲು ಬರೆದವರದೇ ಆಗಿ ಉಳಿಯಿತು. ಪಾಲಾಗದ ಪಿತ್ರಾರ್ಜಿತ ಜಮೀನಿನ ಹಾಗೆ ಪರಭಾರೆಗೆ ಎಲ್ಲ ಹಕ್ಕುದಾರರ ಸಹಿ ಬೇಕು. 2007ರಲ್ಲಿ ಜಿಪಿಎಲ್‌ನ ಮೂರನೆಯ ಆವೃತ್ತಿ ಬಂದಾಗ ಲಿನಕ್ಸ್ ಎರಡನೆಯದರಲ್ಲೇ ಉಳಿಯಿತು. ಟೊರ್ವಾಲ್ಡ್ಸ್‌ಗೆ ಬದಲಾಯಿಸುವ ಮನಸ್ಸಿರಲಿಲ್ಲ, ನಿಜ. ಇದ್ದಿದ್ದರೂ ಅಷ್ಟೊಂದು ಜನರ ಒಪ್ಪಿಗೆ ಕೂಡಿಸುವುದು ಆಗುಹೋಗುವ ಮಾತಲ್ಲ.

ಈ ಏರ್ಪಾಟಿನ ಸತ್ವಪರೀಕ್ಷೆ ನಡೆದದ್ದು 2003ರಲ್ಲಿ. ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಹಕ್ಕುಗಳು ತನ್ನವೆನ್ನುತ್ತಿದ್ದ ಎಸ್‌ಸಿಒ ಕಂಪನಿ, ಅದರ ಗುಟ್ಟುಗಳು ಲಿನಕ್ಸ್‌ಗೆ ಸೋರಿವೆಯೆಂದು ಐಬಿಎಂ ಮೇಲೆ 100 ಕೋಟಿ ಡಾಲರ್‌ಗಳ ದಾವೆ ಹೂಡಿತು. ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಸಮಾವೇಶವೊಂದರಲ್ಲಿ 'ಕದ್ದ' ಕೋಡಿನ ಮಾದರಿಯನ್ನು ಪರದೆಯ ಮೇಲೆ ತೋರಿಸಿತು. ಪೂರ್ತಿ ತೋರಿಸಲು ಅಳುಕು. ಹಾಗಾಗಿ ಕೋಡಿನ ಟಿಪ್ಪಣಿಗಳನ್ನು ಗ್ರೀಕ್ ಅಕ್ಷರಗಳ ಫಾಂಟ್‌ಗೆ ಬದಲಿಸಿತ್ತು. 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆಂದು ಬಲ್ಲ ನಮಗೆ ಇದು ಗೂಢಲಿಪಿಯೇ ಅಲ್ಲ. ಫಾಂಟ್ ಬದಲಿಸಿದರೆ ಮುಗಿಯಿತು. ಮುಕ್ತ ತಂತ್ರಾಂಶದ ಪ್ರತಿಪಾದಕ ಬ್ರೂಸ್ ಪೆರೆನ್ಸ್ ಮತ್ತಿತರರು ಬೇಗನೇ ಅದನ್ನು ಬಿಡಿಸಿದರು. ಅದು ಎಸ್‌ಜಿಐ ಕಂಪನಿಯ ಮೂಲಕ ಬಂದಿದ್ದ, ಮೆಮೊರಿ ಹಂಚುವ ಒಂದು ಸಣ್ಣ ಭಾಗ. ಅದರ ಬೇರು 1970ರ ದಶಕದ ಯುನಿಕ್ಸ್‌ನಲ್ಲಿತ್ತು. ಆ ಹಳೆಯ ಯುನಿಕ್ಸನ್ನು 2002ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿದ್ದು ಕಾಲ್ಡೆರಾ, ಅಂದರೆ ಹಳೆಯ ಹೆಸರಿನ ಇದೇ ಎಸ್‌ಸಿಒ! ಮೊಕದ್ದಮೆ ಮಾತ್ರ ಎಳೆದಾಡಿ, 2021ರಲ್ಲಿ 1 ಕೋಟಿ 42 ಲಕ್ಷ 50 ಸಾವಿರ ಡಾಲರ್‌ಗಳಿಗೆ ರಾಜಿಯಾಯಿತು.

ಆರೋಪ ಟೊಳ್ಳಾಗಿದ್ದರೂ ಅದು ಎತ್ತಿದ ಪ್ರಶ್ನೆ ಟೊಳ್ಳಲ್ಲ. ಯಾವ ಸಾಲು ಯಾರಿಂದ ಬಂತೆಂದು ತೋರಿಸಲು ಹತ್ತು ವರ್ಷಗಳಿಗೂ ಹಳೆಯ ಪತ್ರವ್ಯವಹಾರ ಕೆದಕಬೇಕಾಗಿತ್ತು. 2004ರ ಮೇ ತಿಂಗಳಲ್ಲಿ ಟೊರ್ವಾಲ್ಡ್ಸ್ ಸೂಚಿಸಿದ ಪರಿಹಾರ ಒಂದೇ ಸಾಲಿನದು: ಪ್ರತಿ ತಿದ್ದುಪಡಿಯ ಕೆಳಗೆ 'ಸೈನ್ಡ್-ಆಫ್-ಬೈ', ಅದರ ಮುಂದೆ ಹೆಸರು, ಇಮೇಲ್. ಇದನ್ನು ನಾನೇ ಬರೆದೆ, ಇಲ್ಲವೇ ಹೊಂದುವ ಪರವಾನಗಿಯಿರುವ ಕೃತಿಯಿಂದ ತೆಗೆದುಕೊಂಡೆ, ಅಥವಾ ಹೀಗೇ ದೃಢೀಕರಿಸಿದವರಿಂದ ನನಗೆ ಬಂತು ಎಂಬುದು ಅದರ ತಾತ್ಪರ್ಯ. ತಿದ್ದುಪಡಿ ಮೇಲ್ವಿಚಾರಕರಿಂದ ಮೇಲ್ವಿಚಾರಕರಿಗೆ ಸಾಗಿದಂತೆ ಸಹಿಗಳು ಒಂದರ ಕೆಳಗೊಂದು ಬೀಳುತ್ತವೆ, ಕಚೇರಿಯ ಕಡತದಲ್ಲಿ ಗುಮಾಸ್ತರಿಂದ ಕಾರ್ಯದರ್ಶಿಯವರೆಗಿನ ಕಿರುಸಹಿಗಳಂತೆ. ವ್ಯತ್ಯಾಸವೆಂದರೆ ಈ ಕಡತ ಎಲ್ಲರ ಕಣ್ಣಿಗೂ ತೆರೆದಿರುತ್ತದೆ. ಸ್ವತ್ತು ಕೈಬದಲಾಗುವುದಿಲ್ಲ, ಹೊಣೆ ಮಾತ್ರ ದಾಖಲಾಗುತ್ತದೆ.

ಈ ಹಗುರ ವಿಧಾನ ನಿಧಾನವಾಗಿ ಗೆದ್ದಿತು. ದಾನಪತ್ರದ ಮನೆಯಲ್ಲೇ ಬೆಳೆದ ಜಿಸಿಸಿ ಕಂಪೈಲರ್ 2021ರಲ್ಲಿ ಸಹಿಸಾಲನ್ನೂ ಒಪ್ಪಿಕೊಂಡಿತು. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ತಂತ್ರಾಂಶವಾದ ಟೆರಾಫಾರ್ಮ್‌ನ ಮುಂದಿನ ಆವೃತ್ತಿಗಳನ್ನು ಮುಕ್ತ ಪರವಾನಗಿಯಿಂದ ಹೊರಗೆ ತಂದದ್ದು ವಿಧಾನಗಳ ಅಂತರವನ್ನು ಎದ್ದು ಕಾಣಿಸಿತು. ಹೊರಗಿನವರ ಕೊಡುಗೆಗೂ ಕಂಪನಿ ಮೊದಲೇ ಒಪ್ಪಂದ ಬರೆಸಿಕೊಂಡಿದ್ದರಿಂದ ಯಾರ ಒಪ್ಪಿಗೆಯನ್ನೂ ಮತ್ತೆ ಕೇಳಬೇಕಾಗಲಿಲ್ಲ. ಕೆಲವೇ ವಾರಗಳಲ್ಲಿ ಹಳೆಯ ಕೋಡಿನಿಂದ ಕವಲೊಡೆದ ಓಪನ್‌ಟೋಫು ಲಿನಕ್ಸ್ ಫೌಂಡೇಶನ್ನಿನ ನೆರಳಿಗೆ ಬಂತು. ಅಲ್ಲಿ ಕೊಡುಗೆಗೆ ಕೇಳುವುದು ಸಹಿಸಾಲನ್ನೇ.

ಸಹಿಯ ನಿಯಮವೂ ಮೊದಲಿನಂತೆ ಉಳಿದಿಲ್ಲ. ನಿಜವಾದ ಹೆಸರೇ ಬೇಕು, ಗುಪ್ತನಾಮ ಸಲ್ಲದು ಎಂದು ಲಿನಕ್ಸ್ ಕರ್ನಲ್ಲಿನ ಕೈಪಿಡಿ ಬಹುಕಾಲ ಹೇಳುತ್ತಿತ್ತು. 2023ರಲ್ಲಿ ಆ ಮಾತು ಬದಲಾಗಿ, ಗೊತ್ತಿರುವ ಗುರುತು ಸಾಕು, ಅನಾಮಧೇಯರಾಗಿರಬಾರದು ಎಂದಾಯಿತು. ಅದಕ್ಕೂ ಮೊದಲಾಗಿದ್ದರೆ ಕೆ. ವಿ. ಪುಟ್ಟಪ್ಪನವರ ತಿದ್ದುಪಡಿ ಒಳಗೆ ಹೋಗುತ್ತಿತ್ತು; ಕುವೆಂಪು ಎಂದು ಸಹಿ ಮಾಡಿ ಕಳಿಸಿದ್ದು ವಾಪಸು ಬರುತ್ತಿತ್ತು.