'ಬ್ಯಾಟ್‌ಮನ್' ಸಂಗೀತ ಯಾರದು? ಡ್ಯಾನಿ ಎಲ್ಫ್‌ಮನ್ ಕುರಿತ ಆಕ್ಷೇಪದ ಮರುಪರಿಶೀಲನೆ

1989ರಲ್ಲಿ ಟಿಮ್ ಬರ್ಟನ್ ನಿರ್ದೇಶನದ 'ಬ್ಯಾಟ್‌ಮನ್' ತೆರೆಕಂಡ ಮೇಲೆ, ಅದರ ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದಲ್ಲ ಎಂಬ ಮಾತು ಹಬ್ಬಿತು. ಸಂಗೀತ ಕಾಲೇಜಿನಲ್ಲಿ ಓದದ, 'ಆಯಿಂಗೊ ಬೊಯಿಂಗೊ' ಎಂಬ ಲಾಸ್ ಏಂಜಲೀಸ್‌ನ ರಾಕ್ ತಂಡಕ್ಕೆ ಹಾಡು ಕಟ್ಟುತ್ತಿದ್ದವರು ಇಂಥ ವಾದ್ಯವೃಂದ ಸಂಗೀತ ಬರೆಯಲಾರರು ಎಂಬುದು ಅದರ ತರ್ಕ. 'ಕೀಬೋರ್ಡ್' ಪತ್ರಿಕೆಯಲ್ಲಿ ಪ್ರಾಧ್ಯಾಪಕರೊಬ್ಬರ ಆಕ್ಷೇಪ ಅಚ್ಚಾಗಿ, 1990ರಲ್ಲಿ ಎಲ್ಫ್‌ಮನ್ ಬಹಿರಂಗ ಪತ್ರ ಬರೆದು ಉತ್ತರಿಸಿದರು. ಉತ್ತರ ಮರೆತುಹೋಯಿತು, ಆಕ್ಷೇಪ ಉಳಿಯಿತು.

ಆಕ್ಷೇಪಕರ ಮೊದಲ ಆಧಾರ ಚಿತ್ರದ ಹೆಸರುಪಟ್ಟಿ. ವಾದ್ಯಸಂಯೋಜನೆ ಸ್ಟೀವ್ ಬಾರ್ಟೆಕ್ ಅವರದು, ವೃಂದ ನಿರ್ವಹಣೆ ಶರ್ಲಿ ವಾಕರ್ ಅವರದು. ಆದರೆ ಹಾಲಿವುಡ್‌ನಲ್ಲಿ ಇದು ಹಳೆಯ ಪದ್ಧತಿ. ಸಂಗೀತ ಸಂಯೋಜಕ ಕೋರ್ನ್‌ಗೋಲ್ಡ್‌ಗೆ ವಾದ್ಯಸಂಯೋಜನೆಗಾಗಿ ಹ್ಯೂಗೊ ಫ್ರೀಡ್‌ಹೋಫರ್ ಇದ್ದರು. 'ಸ್ಟಾರ್ ವಾರ್ಸ್' ಹೊತ್ತಿಗೆ ಜಾನ್ ವಿಲಿಯಮ್ಸ್‌ಗೆ ಹರ್ಬರ್ಟ್ ಸ್ಪೆನ್ಸರ್ ಇದ್ದರು. ಅವರ ಕರ್ತೃತ್ವವನ್ನು ಯಾರೂ ಪ್ರಶ್ನಿಸಲಿಲ್ಲ. ಒಂದೇ ಪುರಾವೆ ಸಂಗೀತ ಶಿಕ್ಷಣ ಪಡೆದವರ ಪಾಲಿಗೆ ಸಹಜ, ಪಡೆಯದವರ ಪಾಲಿಗೆ ಅಪರಾಧ ಎನ್ನುವುದು ಸಂಶೋಧನೆಯಲ್ಲ, ಪೂರ್ವಗ್ರಹ.

ಎರಡನೆಯ ಆಧಾರ ಎಲ್ಫ್‌ಮನ್ ಅವರೇ ಹೇಳಿದ ಪ್ರಸಂಗ. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನೋಡಿಕೊಂಡು ಮರಳುವಾಗ ಸಂಗೀತದ ಎಳೆಗಳು ಹೊಳೆದವು. ವಿಮಾನದ ಶೌಚಾಲಯದಲ್ಲಿ ನಿಂತು ಅವನ್ನು ಪುಟ್ಟ ಟೇಪ್ ರೆಕಾರ್ಡರಿಗೆ ಗುನುಗಿದರು. 'ಗುನುಗುವವ, ಬರೆಯುವವನಲ್ಲ' ಎಂಬ ತೀರ್ಮಾನಕ್ಕೆ ಆಕ್ಷೇಪಕರು ಇದನ್ನೇ ಹಿಡಿದುಕೊಂಡರು. ಗುನುಗಿದ್ದು ಮರೆತುಹೋಗದಿರಲೆಂದು; ಆಮೇಲೆ ಆ ಎಳೆಗಳನ್ನು ಕಾಗದದ ಮೇಲೆ ಬೆಳೆಸಲಾಯಿತು. ಬಾರ್ಟೆಕ್ ಕೈಗೆ ಹೋಗುತ್ತಿದ್ದುದು ವಾದ್ಯಗಳ ಪಾತ್ರ ಸೂಚಿಸಿದ ವಿವರವಾದ ಕರಡು ಎಂಬುದು ಎಲ್ಫ್‌ಮನ್ ಅವರ ಸ್ಪಷ್ಟ ಹೇಳಿಕೆ.

ಹೇಳಿಕೆಯೊಂದೇ ಸಾಲದು ಎನ್ನುವವರು ಅದಕ್ಕೂ ಹಿಂದಿನ ಕೆಲಸವನ್ನು ನೋಡಬೇಕು. ಅಣ್ಣ ರಿಚರ್ಡ್ 1972ರಲ್ಲಿ ಕಟ್ಟಿದ ರಂಗತಂಡಕ್ಕಾಗಿ ಡ್ಯಾನಿ, ಡ್ಯೂಕ್ ಎಲಿಂಗ್ಟನ್ ಮತ್ತು ಕ್ಯಾಬ್ ಕ್ಯಾಲೊವೆ ಅವರ ಜಾಝ್ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಸ್ವರಲಿಪಿಗೆ ಇಳಿಸುತ್ತಿದ್ದರು. ಅವರ ಪಾಠಶಾಲೆ ಅದೇ. ಆ ತಂಡದ ಹಾಸ್ಯ, ಕರಾಳತೆ ಎರಡೂ ರಿಚರ್ಡ್ ನಿರ್ದೇಶಿಸಿದ 'ಫರ್ಬಿಡನ್ ಝೋನ್' (1980) ಚಿತ್ರಕ್ಕೆ ಬಂದವು. 'ಪೀ-ವೀಸ್ ಬಿಗ್ ಅಡ್ವೆಂಚರ್' (1985) ಡ್ಯಾನಿ ಸಂಗೀತ ನೀಡಿದ ಮೊದಲ ಚಿತ್ರ ಎಂದು ಬರೆಯುವವರು ಈ ಐದು ವರ್ಷಗಳನ್ನು ನುಂಗಿಹಾಕುತ್ತಾರೆ; ಆಮೇಲೆ ಈ ಪ್ರತಿಭೆ ಎಲ್ಲಿಂದ ಬಂತೆಂದು ಸಂಶಯಪಡುತ್ತಾರೆ.

ವಾಕರ್ ಅವರ ಕೊಡುಗೆಯನ್ನು ಇಲ್ಲಿ ಕಿರಿದಾಗಿಸುತ್ತಿಲ್ಲ. 'ಬ್ಯಾಟ್‌ಮನ್: ಮಾಸ್ಕ್ ಆಫ್ ದ ಫ್ಯಾಂಟಾಸಂ' (1993) ಅವರ ಸ್ವತಂತ್ರ ಪ್ರತಿಭೆಗೆ ಸಾಕ್ಷಿ. ಅವರನ್ನು ಇನ್ನೊಬ್ಬರ ನೆರಳಿನ ಲೇಖಕಿಯನ್ನಾಗಿಸಿದರೆ ಆ ಪ್ರತಿಭೆಗೂ ಅನ್ಯಾಯವೇ. ಬಾರ್ಟೆಕ್ ಕೂಡ ಹೊರಗಿನಿಂದ ಬಂದ ಪಂಡಿತರಲ್ಲ. ಆಯಿಂಗೊ ಬೊಯಿಂಗೊದ ಗಿಟಾರ್ ವಾದಕರು. ರಾಕ್ ತಂಡದವರಿಗೆ ವಾದ್ಯವೃಂದ ತಿಳಿಯದು ಎಂಬ ವಾದ ಅವರ ಹೆಸರಿನಲ್ಲೇ ಕುಸಿಯುತ್ತದೆ.

ಸಂಗೀತ ವಿದ್ವಾಂಸೆ ಜಾನೆಟ್ ಹಾಫ್ಯರ್ಡ್ 2004ರಲ್ಲಿ 'ಬ್ಯಾಟ್‌ಮನ್' ಸಂಗೀತಕ್ಕೇ ಮೀಸಲಾದ ಪುಸ್ತಕ ಪ್ರಕಟಿಸಿದರು. ಅದರ ನಂತರವೂ ಹಳೆಯ ಆಕ್ಷೇಪವನ್ನು ಪರೀಕ್ಷಿಸದೆ ಉಲ್ಲೇಖಿಸುವುದಕ್ಕೆ ಕ್ಷಮೆಯಿಲ್ಲ. ಈಗ ದೊರೆತಿರುವ ಆಧಾರಗಳ ಮಟ್ಟಿಗೆ 'ಬ್ಯಾಟ್‌ಮನ್' ಸಂಗೀತದ ಕರ್ತೃ ಎಲ್ಫ್‌ಮನ್. ಬಾರ್ಟೆಕ್ ಮತ್ತು ವಾಕರ್, ಅವರ ಸಮರ್ಥ ಸಹಯೋಗಿಗಳು.